ವಿಶ್ವವಿದ್ಯಾಲಯದಲ್ಲಿ ಎಸ್‌ಡಿಎ ಕೆಲಸ: ಸಂಬಳ ಬಿಟ್ಟು ಇನ್ನೇನು ಸಿಗುತ್ತದೆ?

ಪ್ರಶ್ನೆ: ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ ದ್ವಿತೀಯ ದರ್ಜೆ ಸಹಾಯಕನಾಗಿ (ಎಸ್‌ಡಿಎ) ಆಯ್ಕೆಯಾಗಿದ್ದೇನೆ. ಬೆಂಗಳೂರಿನಲ್ಲಿ ಒಂದು ಖಾಸಗಿ ಕಂಪನಿಯಲ್ಲಿ 6 ವರ್ಷದಿಂದ ಇದ್ದೇನೆ, ಕೈಗೆ 38,000 ಬರುತ್ತದೆ. ಮನೆಯಲ್ಲಿ ಎಲ್ಲರೂ "ಸರ್ಕಾರಿ ಕೆಲಸ, ಕಣ್ಣುಮುಚ್ಚಿ ಸೇರಿಕೋ" ಅಂತಾರೆ. ಸಂಬಳ ಬಿಟ್ಟರೆ ಅಲ್ಲಿ ನಿಜವಾಗಿ ಏನೇನು ಸೌಲಭ್ಯ ಇದೆ?

ಉತ್ತರ:

ಮೊದಲಿಗೆ ಅಭಿನಂದನೆ. ಈ ಕಾಲದಲ್ಲಿ ಬೋಧಕೇತರ ಹುದ್ದೆಗೆ ಆಯ್ಕೆಯಾಗುವುದು ಸುಮ್ನೆ ಅಲ್ಲ. ನಾನು ಇಂಥದ್ದೇ ಒಂದು ವಿವಿಯ ಆಡಳಿತ ವಿಭಾಗದಲ್ಲಿ ರಜೆ, ಬಡ್ತಿ, ಪಿಂಚಣಿಯ ಕಡತಗಳ ಮಧ್ಯೆಯೇ ಇರುವವನು. ಹಾಗಾಗಿ ಆದೇಶದಲ್ಲಿ ಏನಿದೆ ಅನ್ನುವುದರ ಜೊತೆಗೆ ಕೈಗೆ ಏನು ಬರುತ್ತದೆ ಅನ್ನುವುದನ್ನೂ ಹೇಳುತ್ತೇನೆ.

ಮನೆಯವರಿಗೆ ಒಂದು ವಿಷಯ ಬಿಡಿಸಿ ಹೇಳಿ. ಇದು ಸರ್ಕಾರಿ ಕೆಲಸದ ಹಾಗೆಯೇ ಇರುತ್ತದೆ, ಆದರೆ ನೀವು ಸರ್ಕಾರಿ ನೌಕರರಲ್ಲ. ಹೆಚ್ಚಿನ ರಾಜ್ಯ ವಿವಿಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಕೆಳಗೆ ನಡೆಯುತ್ತವೆ. ಅವು ಸ್ವಾಯತ್ತ ಸಂಸ್ಥೆಗಳು. ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತದೆ, ನಿಯಮಗಳನ್ನೂ ಬಹುಪಾಲು ಸರ್ಕಾರದಿಂದಲೇ ತೆಗೆದುಕೊಂಡಿರುತ್ತಾರೆ. ಆದರೆ ವಿಧಾನಸೌಧದಿಂದ ಒಂದು ಆದೇಶ ಹೊರಬಿದ್ದ ದಿನವೇ ಅದು ನಮಗೂ ಬಂತು ಅಂತ ಇಲ್ಲ. "ವಿವಿಗಳಿಗೂ ಅನ್ವಯ" ಅಂತ ಇಲಾಖೆಯಿಂದ ಪತ್ರ ಬರಬೇಕು, ಇಲ್ಲವೇ ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆ ಅದನ್ನು ಒಪ್ಪಿ ಅಳವಡಿಸಿಕೊಳ್ಳಬೇಕು. ಆಮೇಲೆ ಕುಲಸಚಿವರ ಸುತ್ತೋಲೆ. ಆಮೇಲೆ ಹಣಕಾಸು ವಿಭಾಗ. ಪೇಪರಿನಲ್ಲಿ "ಸರ್ಕಾರಿ ನೌಕರರಿಗೆ ಸಿಹಿ ಸುದ್ದಿ" ಅಂತ ಓದಿದಾಗಲೆಲ್ಲ ನಮ್ಮ ಕ್ಯಾಂಟೀನಿನಲ್ಲಿ ಹುಟ್ಟುವ ಮೊದಲ ಪ್ರಶ್ನೆ "ನಮಗೂ ಇದೆಯಾ?" ಅನ್ನುವುದೇ.

ಈಗ ದುಡ್ಡಿನ ಲೆಕ್ಕ. 7ನೇ ರಾಜ್ಯ ವೇತನ ಆಯೋಗದ ಪ್ರಕಾರ ಎಸ್‌ಡಿಎ ವೇತನ ಶ್ರೇಣಿ 34,100ರಿಂದ 67,600. ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಮೂಲ ವೇತನದ ಶೇ. 20, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಶೇ. 15, ಉಳಿದ ಕಡೆ ಶೇ. 7.5. ತುಟ್ಟಿಭತ್ಯೆ ಸೇರಿಸಿದರೆ ಶುರುವಿನಲ್ಲಿ ಮೂಲ ವೇತನ ಸುಮಾರು 39,000ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) 3,900 ಹೋಯಿತು. ವೃತ್ತಿ ತೆರಿಗೆ 200 ಹೋಯಿತು. ಸಣ್ಣ ಊರಾದರೆ ಬಾಡಿಗೆ ಭತ್ಯೆ ಎರಡೂವರೆ ಸಾವಿರ ಬಂತು. ಅಂದರೆ ಕೈಗೆ ಬರುವುದು ನಿಮ್ಮ ಈಗಿನ ಸಂಬಳದಷ್ಟೇ, ಅಥವಾ ಒಂದಿಷ್ಟು ಕಡಿಮೆಯೇ. ಮೊದಲ ತಿಂಗಳ ಸ್ಲಿಪ್ ನೋಡಿ ಬೇಜಾರಾಗಬೇಡಿ. ಕಾಣದ ಕಡೆ ಕೂಡುವ ದುಡ್ಡು ಬೇರೆ ಇದೆ.

ಅದು ಎನ್‌ಪಿಎಸ್. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಇದೇ ಗತಿ. ನಿಮ್ಮಿಂದ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10, ಸಂಸ್ಥೆಯ ಕಡೆಯಿಂದ ಶೇ. 14. ಮೇಲಿನ ಲೆಕ್ಕದಲ್ಲಿ ಅದು ತಿಂಗಳಿಗೆ ಹತ್ತಿರ ಹತ್ತಿರ 5,500. ನಿಮ್ಮ ಕಂಪನಿ ಈಗ ಎಷ್ಟು ಹಾಕುತ್ತಿದೆ ನೋಡಿ. ಹೆಚ್ಚಿನವರು ಪಿಎಫ್ ಅನ್ನು 15,000ದ ಮಿತಿಗೇ ಕಟ್ಟುತ್ತಾರೆ, ಅಂದರೆ 1,800. ಅದರಲ್ಲೂ 1,250 ಪಿಂಚಣಿ ಖಾತೆಗೆ ಹೋಗಿ ನಿಮ್ಮ ಪಿಎಫ್‌ಗೆ ಬೀಳುವುದು 550 ಮಾತ್ರ. ಎರಡಕ್ಕೂ ಅಜಗಜಾಂತರ. 60ಕ್ಕೆ ನಿವೃತ್ತರಾದಾಗ ಎನ್‌ಪಿಎಸ್‌ನಲ್ಲಿ ಶೇ. 60ರವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು, ಅದಕ್ಕೆ ತೆರಿಗೆ ಇಲ್ಲ. ಉಳಿದ ಶೇ. 40ರಲ್ಲಿ ವರ್ಷಾಶನ, ಅಂದರೆ ಪಿಂಚಣಿಯ ಹಾಗೆ ನಿಯಮಿತವಾಗಿ ಹಣ ಕೊಡುವ ಯೋಜನೆ, ಕೊಳ್ಳಲೇಬೇಕು. ಹಳೆ ಪಿಂಚಣಿ ವಾಪಸ್ ಬರುತ್ತದೆ ಅಂತ ಪ್ರತಿ ಚುನಾವಣೆಯಲ್ಲೂ ಮಾತು ಏಳುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ, ಬಂದರೆ ಲಾಭ ಅಂದುಕೊಳ್ಳಿ.

ಸೇರಿದ ಮೇಲೆ ಒಂದು ಕೆಲಸ ಮಾತ್ರ ಬಿಡದೆ ಮಾಡಿ. ಪ್ರಾನ್, ಅಂದರೆ ನಿಮ್ಮ ಎನ್‌ಪಿಎಸ್ ಖಾತೆಯ ಸಂಖ್ಯೆ ಬಂದ ನಂತರ ಮೂರು ತಿಂಗಳಿಗೊಮ್ಮೆ ಖಾತೆ ತೆರೆದು ನೋಡಿ. ನಿಮ್ಮ ಸಂಬಳದಿಂದ ಶೇ. 10 ಕಡಿತವಾಗಿರುತ್ತದೆ, ಸ್ಲಿಪ್‌ನಲ್ಲೂ ಇರುತ್ತದೆ. ಆದರೆ ಸಂಸ್ಥೆಯ ಪಾಲು ಸೇರಿ ಅದು ಖಾತೆಗೆ ಬಿದ್ದಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅನುದಾನ ತಡವಾದರೆ ಇದೂ ತಡ. ತಡವಾದಷ್ಟು ದಿನ ಆ ದುಡ್ಡು ಬೆಳೆಯುವುದಿಲ್ಲ, ನಷ್ಟ ನಿಮಗೇ.

ರಜೆ ವಿಷಯಕ್ಕೆ ಬಂದರೆ ಖಾಸಗಿಯವರು ಹೊಟ್ಟೆಕಿಚ್ಚು ಪಡುವುದು ನ್ಯಾಯವೇ. ಸಿ.ಎಲ್. (ಸಾಂದರ್ಭಿಕ ರಜೆ) ವರ್ಷಕ್ಕೆ 10. ಮೊದಲು 15 ಇತ್ತು, 2019ರಲ್ಲಿ ನಾಲ್ಕನೇ ಶನಿವಾರವನ್ನೂ ರಜೆ ಮಾಡಿ ಐದು ಕಡಿಮೆ ಮಾಡಿದರು. ಗಳಿಕೆ ರಜೆ 30 ದಿನ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಖಾತೆಗೆ ಸೇರುತ್ತದೆ. ಅರ್ಧ ವೇತನ ರಜೆ 20 ದಿನ, ವೈದ್ಯರ ಪತ್ರ ಇದ್ದರೆ ಅದನ್ನು ಅರ್ಧದಷ್ಟು ದಿನದ ಪೂರ್ಣ ವೇತನ ರಜೆಗೆ ಪರಿವರ್ತಿಸಿಕೊಳ್ಳಬಹುದು. ಹೆರಿಗೆ ರಜೆ 180 ದಿನ, ತಂದೆಗೆ 15 ದಿನ. ಮಹಿಳಾ ಸಿಬ್ಬಂದಿಗೆ 2021ರಿಂದ ಸೇವಾವಧಿಯಲ್ಲಿ 6 ತಿಂಗಳ ಶಿಶುಪಾಲನಾ ರಜೆ ಇದೆ. ಬೋಧಕರಿಗೆ ಬೇಸಿಗೆ ರಜೆ ಸಿಗುತ್ತದಲ್ಲ, ಅದಕ್ಕೇ ಅವರಿಗೆ ಗಳಿಕೆ ರಜೆ ನಮ್ಮಷ್ಟು ಇಲ್ಲ. ಅವರು ನಮ್ಮನ್ನು ನೋಡಿ ಗೊಣಗುತ್ತಾರೆ, ನಾವು ಅವರ ಯುಜಿಸಿ ವೇತನ ನೋಡಿ ಗೊಣಗುತ್ತೇವೆ.

ಗಳಿಕೆ ರಜೆಯನ್ನು ಸುಮ್ಮನೆ ಖರ್ಚು ಮಾಡಬೇಡಿ. ವರ್ಷಕ್ಕೆ 15 ದಿನ ಒಪ್ಪಿಸಿ ನಗದು ಮಾಡಿಕೊಳ್ಳುವ ಅವಕಾಶ ಇದೆ. ಉಳಿದದ್ದು 300 ದಿನದವರೆಗೆ ಕೂಡುತ್ತದೆ. ನಿವೃತ್ತಿಯ ದಿನ ಅದು ಹತ್ತು ತಿಂಗಳ ಸಂಬಳ. ಇಲ್ಲೂ "ಸರ್ಕಾರಿ ಅಲ್ಲ" ಅನ್ನುವುದು ಒಂದು ಕಡೆ ಕಚ್ಚುತ್ತದೆ. ಸರ್ಕಾರಿ ನೌಕರರಿಗೆ ಈ ಹಣ ಪೂರ್ತಿ ತೆರಿಗೆಮುಕ್ತ. ನಮ್ಮನ್ನು ಆದಾಯ ತೆರಿಗೆಯವರು ಆ ಪಟ್ಟಿಗೆ ಸೇರಿಸುವುದಿಲ್ಲ, ನಮಗೆ ಮಿತಿ ಇದೆ. 2023ರವರೆಗೆ ಆ ಮಿತಿ ಬರೀ 3 ಲಕ್ಷ ಇತ್ತು, ಈಗ 25 ಲಕ್ಷ ಆಗಿದೆ. ಹಾಗಾಗಿ ಎಸ್‌ಡಿಎ ಆಗಿ ಸೇರುವವರಿಗೆ ಈಗ ಅಂಥ ತೊಂದರೆ ಇಲ್ಲ.

ಆಸ್ಪತ್ರೆ ಖರ್ಚಿನ ಬಗ್ಗೆ ಮಾತ್ರ ಜಾಸ್ತಿ ಭರವಸೆ ಇಟ್ಟುಕೊಳ್ಳಬೇಡಿ. ಸರ್ಕಾರಿ ನೌಕರರಿಗೆ ಜ್ಯೋತಿ ಸಂಜೀವಿನಿ ಇತ್ತು, ಈಗ ಕರ್ನಾಟಕ ಆರೋಗ್ಯ ಸಂಜೀವಿನಿ ಬಂದಿದೆ, ಆಸ್ಪತ್ರೆಯಲ್ಲಿ ದುಡ್ಡು ಕಟ್ಟದೆ ಚಿಕಿತ್ಸೆ. ಅದು ನಿಮಗೂ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ವಿವಿಗಳಲ್ಲಿ ಸಾಮಾನ್ಯವಾಗಿ ಇರುವುದು ವೈದ್ಯಕೀಯ ವೆಚ್ಚ ಮರುಪಾವತಿ. ಅಂದರೆ ಮೊದಲು ನೀವೇ ಕಟ್ಟಬೇಕು, ಆಮೇಲೆ ಬಿಲ್ ಹಾಕಬೇಕು. ಆ ಕಡತ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ ಕೇಳಿ. ಪ್ರತಿ ಔಷಧಿ ಬಿಲ್ಲಿನ ಮೇಲೂ ಚಿಕಿತ್ಸೆ ಕೊಟ್ಟ ವೈದ್ಯರ ಸಹಿ, ಸೀಲು. ಎಸೆನ್ಷಿಯಾಲಿಟಿ ಸರ್ಟಿಫಿಕೇಟ್, ಅಂದರೆ ಈ ಔಷಧಿ ಅಗತ್ಯವಿತ್ತು ಅನ್ನುವ ವೈದ್ಯರ ಪತ್ರ. ಡಿಸ್ಚಾರ್ಜ್ ಸಮ್ಮರಿ. ಅವಲಂಬಿತರದ್ದಾದರೆ ಅವರ ಆದಾಯದ ಘೋಷಣೆ. ನಮ್ಮ ಸಹೋದ್ಯೋಗಿಯೊಬ್ಬರು ತಂದೆಯ ಮಂಡಿ ಆಪರೇಷನ್‌ಗೆ ಸಾಲ ಮಾಡಿ ದುಡ್ಡು ಕಟ್ಟಿದರು. ಬಿಲ್ಲು ವಿಭಾಗದಿಂದ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಹಣಕಾಸು ವಿಭಾಗಕ್ಕೆ, ಅಲ್ಲಿಂದ ಲೆಕ್ಕಪರಿಶೋಧನೆಗೆ ಹೋಯಿತು. ಒಂದು ಬಿಲ್ಲಿಗೆ ಸಹಿ ಇಲ್ಲ ಅಂತ ವಾಪಸ್ ಬಂತು. ಮತ್ತೆ ಹೋಯಿತು. ಕೊನೆಗೆ ಸರ್ಕಾರಿ ದರಪಟ್ಟಿಗೆ ಇಳಿಸಿ ಮಂಜೂರು ಮಾಡಿದಾಗ ಕೈಗೆ ಸಿಕ್ಕಿದ್ದು ಕಟ್ಟಿದ್ದರಲ್ಲಿ ಅರ್ಧದಷ್ಟು. ಅದೂ ಅನುದಾನ ಬಂದ ಮೇಲೆ. ನಿಮಗೆ ಈಗ ಕಂಪನಿಯ ಗುಂಪು ವಿಮೆ ಇದ್ದರೆ ಅದು ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದಕ್ಕೂ ಮುಂಚೆ ಸ್ವಂತದ್ದೊಂದು ಕುಟುಂಬ ವಿಮೆ ಮಾಡಿಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸಣ್ಣಪುಟ್ಟ ಅನುಕೂಲಗಳೂ ಇವೆ. ಹಬ್ಬದ ಮುಂಗಡ ಬಡ್ಡಿಯಿಲ್ಲದೆ ಸಿಗುತ್ತದೆ, ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಹೆಚ್ಚಿನ ಹಳೆ ವಿವಿಗಳಲ್ಲಿ ನೌಕರರ ಪತ್ತಿನ ಸಹಕಾರ ಸಂಘ ಇರುತ್ತದೆ. ಷೇರು ಹಾಕಿ ಸದಸ್ಯರಾಗಿ, ಮಗಳ ಮದುವೆಗೋ ಮನೆ ರಿಪೇರಿಗೋ ಬ್ಯಾಂಕಿಗಿಂತ ಬೇಗ ಸಾಲ ಆಗುತ್ತದೆ. ಕ್ವಾರ್ಟರ್ಸ್ ಸಿಕ್ಕರೆ ಬಾಡಿಗೆ ಭತ್ಯೆ ನಿಲ್ಲುತ್ತದೆ. ಶೇ. 7.5ರ ಊರಿನಲ್ಲಿ ಇದು ಲಾಭವೇ. ಆದರೆ ಒಪ್ಪಿಕೊಳ್ಳುವ ಮುಂಚೆ ಮಳೆಗಾಲದಲ್ಲಿ ಹೋಗಿ ಚಾವಣಿ ನೋಡಿಕೊಂಡು ಬನ್ನಿ. ಸಂಬಳ ಬೀಳುವ ಬ್ಯಾಂಕಿನಲ್ಲಿ "ಸ್ಯಾಲರಿ ಪ್ಯಾಕೇಜ್ ಖಾತೆ ಮಾಡಿಕೊಡಿ" ಅಂತ ಕೇಳಿ, ಅಪಘಾತ ವಿಮೆ ಅದರ ಜೊತೆಗೇ ಬರುತ್ತದೆ. ಕೇಳದಿದ್ದರೆ ಬಹಳ ಕಡೆ ಸಾದಾ ಉಳಿತಾಯ ಖಾತೆಯೇ ಇರುತ್ತದೆ.

ಯಾರೂ ಹೇಳಿಕೊಡದ ಇನ್ನೊಂದು ವಿಷಯ ಸೇವಾ ಪುಸ್ತಕ, ಅಂದರೆ ನಿಮ್ಮ ಸೇವೆಯ ದಾಖಲೆಯಾದ ಎಸ್‌ಆರ್. ನಿಮ್ಮ ಎಲ್ಲ ಸೌಲಭ್ಯದ ಬೇರು ಅದರಲ್ಲಿದೆ. ನಾನು ನೋಡಿದ ಒಂದು ಕಡತದಲ್ಲಿ ತೀರಿಕೊಂಡ ನೌಕರನ ಹೆಂಡತಿಯ ಹೆಸರು ಎಸ್‌ಆರ್‌ನಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಮದುವೆಯ ನಂತರ ಇಟ್ಟ ಹೆಸರು. ನಾಮನಿರ್ದೇಶನದ ಕಾಲಂನಲ್ಲಿ ಇನ್ನೂ ತಾಯಿಯೇ ಇದ್ದರು, ಅವರೂ ತೀರಿಹೋಗಿದ್ದರು. ಆ ಹೆಣ್ಣುಮಗಳು ಅಫಿಡವಿಟ್ಟು, ವಂಶವೃಕ್ಷ, ತಹಶೀಲ್ದಾರ್ ಕಚೇರಿ ಅಂತ ಅಲೆದಿದ್ದೇ ಅಲೆದಿದ್ದು. ಕೆಲಸದಲ್ಲಿದ್ದಾಗಲೇ ತೀರಿಕೊಂಡ ಎನ್‌ಪಿಎಸ್ ನೌಕರನ ಕುಟುಂಬಕ್ಕೆ ಪಿಂಚಣಿ ಮತ್ತು ಉಪದಾನ (ಗ್ರಾಚ್ಯುಟಿ) ಕೊಡುವ ಸೌಲಭ್ಯವನ್ನು ಸರ್ಕಾರ 2018ರ ಏಪ್ರಿಲ್‌ನಿಂದ ತಂದಿದೆ. ಅನುಕಂಪದ ಆಧಾರದ ನೇಮಕಾತಿಯೂ ಇದೆ, ಅರ್ಜಿಯನ್ನು ಒಂದು ವರ್ಷದೊಳಗೆ ಕೊಡಬೇಕು. ನಿಮ್ಮ ವಿವಿ ಇವೆರಡನ್ನೂ ಅಳವಡಿಸಿಕೊಂಡಿದೆಯಾ ಅಂತ ಸೇರಿದ ವಾರವೇ ಕೇಳಿ. ಮದುವೆಯಾದಾಗ, ಮಗು ಹುಟ್ಟಿದಾಗ ಎಸ್‌ಆರ್‌ನಲ್ಲಿ ಬರೆಸಿ, ಆ ಪುಟದ ಜೆರಾಕ್ಸ್ ಮನೆಯಲ್ಲಿಡಿ.

ಇಷ್ಟೆಲ್ಲ ಹೇಳಿದ್ದು ಮಂಜೂರಾದ ಕಾಯಂ ಹುದ್ದೆಗೆ. ಅದೇ ಕೊಠಡಿಯಲ್ಲಿ ಪಕ್ಕದ ಟೇಬಲ್ಲಿನಲ್ಲಿ ಅದೇ ಕೆಲಸ ಮಾಡುವ ಹೊರಗುತ್ತಿಗೆಯವರಿಗೆ ಲೆಕ್ಕ ಬೇರೆಯೇ. ಅವರಿಗೆ ಪಿಎಫ್, ಸಂಬಳ 21,000ದೊಳಗಿದ್ದರೆ ಇಎಸ್‌ಐ ಆರೋಗ್ಯ ವಿಮೆ, ಅಷ್ಟೇ. ಏಜೆನ್ಸಿ ಬದಲಾದಾಗಲೆಲ್ಲ ಅದೂ ಗೋಜಲು. ಅದಕ್ಕೇ ನಿಮ್ಮ ನೇಮಕಾತಿ ಆದೇಶದಲ್ಲಿ ವೇತನ ಶ್ರೇಣಿ ಮತ್ತು "ಮಂಜೂರಾದ ಖಾಲಿ ಹುದ್ದೆಗೆ" ಅನ್ನುವ ಮಾತು ಇದೆಯಾ ನೋಡಿ. "ಸಂಚಿತ ವೇತನ" (ಭತ್ಯೆಗಳಿಲ್ಲದ ಒಂದೇ ನಿಗದಿತ ಮೊತ್ತ), "ತಾತ್ಕಾಲಿಕ" ಅಂತಿದ್ದರೆ ಕಂಪನಿ ಬಿಡುವ ಮಾತೇ ಬೇಡ.

ಯಾವ ವಿವಿ ಅನ್ನುವುದೂ ಮುಖ್ಯ. ವಿವಿಗಳ ಸ್ವಂತ ಆದಾಯ ಅಂದರೆ ಪರೀಕ್ಷಾ ಶುಲ್ಕ ಮತ್ತು ಕಾಲೇಜುಗಳ ಸಂಯೋಜನೆ ಶುಲ್ಕ. ಜಿಲ್ಲೆಗೊಂದು ಹೊಸ ವಿವಿ ಆದಾಗ ಹಳೆಯದರ ಕಾಲೇಜುಗಳು ಹಂಚಿಹೋದವು, ಜೊತೆಗೆ ಶುಲ್ಕವೂ ಹೋಯಿತು. ಪಿಂಚಣಿದಾರರು ಮಾತ್ರ ಹಳೆಯದರ ಹೆಗಲ ಮೇಲೇ ಉಳಿದರು. ಕೆಲವು ಹಳೆ ವಿವಿಗಳ ನಿವೃತ್ತರು ಪಿಂಚಣಿಗಾಗಿ ಧರಣಿ ಕೂತದ್ದು ಇದಕ್ಕೇ. ಹೊಸವುಗಳ ಪಾಡೂ ಗಟ್ಟಿಯಲ್ಲ. 2025ರ ಶುರುವಿನಲ್ಲಿ 9 ಹೊಸ ವಿವಿಗಳನ್ನು ಮುಚ್ಚುವ ಬಗ್ಗೆ ಸಂಪುಟ ಉಪಸಮಿತಿಯೇ ಶಿಫಾರಸು ಮಾಡಿತ್ತು. ನಿಮ್ಮದು ಅಂಥದ್ದಾದರೂ ಕಾಯಂ ನೌಕರರನ್ನು ಬೀದಿಗೆ ಬಿಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಮಾತೃ ವಿವಿಗೆ ಸೇರಿಸಬಹುದು. ಊರು ಬದಲಾಗುವುದಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ನನ್ನನ್ನು ಕೇಳಿದರೆ ಸೇರಿಕೊಳ್ಳಿ. ಆದರೆ ಕಾರಣ "ಸರ್ಕಾರಿ" ಅನ್ನುವ ಪದ ಅಲ್ಲ, ಎನ್‌ಪಿಎಸ್‌ನ ಶೇ. 14, ಕೂಡುವ ರಜೆ, ಐದೂವರೆಗೆ ಮನೆಗೆ ಹೋಗುವ ನೆಮ್ಮದಿ. ಎಲ್ಲಕ್ಕಿಂತ ಹೆಚ್ಚಾಗಿ, ನಾಳೆ ಬರಬೇಡ ಅಂತ ಯಾರೂ ಮೇಲ್ ಕಳಿಸುವುದಿಲ್ಲ.

ರಾಜೀನಾಮೆ ಕೊಡುವ ಮುಂಚೆ ಇನ್ನೊಂದು. ಕಂಪನಿಯಲ್ಲಿ 6 ವರ್ಷ ಆಗಿದೆ ಅಂದಿರಿ. ಅಂದರೆ 5 ವರ್ಷ ದಾಟಿದೆ, ಗ್ರಾಚ್ಯುಟಿ ನಿಮ್ಮ ಹಕ್ಕು. ಬಿಟ್ಟ 30 ದಿನದೊಳಗೆ ಅರ್ಜಿ ಕೊಡಿ. ಪಿಎಫ್ ಆತುರದಲ್ಲಿ ತೆಗೆಯಬೇಡಿ. ಪಿಂಚಣಿ ಭಾಗಕ್ಕೆ 10 ವರ್ಷ ಆಗದಿದ್ದರೆ ಹಣ ವಾಪಸ್ ಪಡೆಯಬಹುದು, ಇಲ್ಲವೇ ಆ ಸೇವಾವಧಿಯನ್ನು ಉಳಿಸಿಕೊಡುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡು ಇಟ್ಟುಕೊಳ್ಳಬಹುದು. ರಿಲೀವಿಂಗ್ ಪತ್ರದ ಮೂಲಪ್ರತಿ ಜೋಪಾನ, ಸೇರುವ ದಿನ ಆಡಳಿತ ವಿಭಾಗದವರು ಮೊದಲು ಕೇಳುವುದು ಅದನ್ನೇ.