ಪ್ರತಿಕ್ರಿಯೆ: ಕಾನೂನಿಗಲ್ಲ, ಹಿಡಿಯೋದಕ್ಕೆ ಖರ್ಚು
ಗಾಡಿ ಓಡಿಸ್ತಾ ಮೆಸೇಜ್ ಮಾಡೋದನ್ನ ನಿಷೇಧಿಸಿದ್ರೆ ಜನರ ದುಡ್ಡಿಗೆ ಏನು ಹೊರೆ ಅಂತ ಕೇಳಿದ್ರಲ್ಲ ಸರ್, ಕಾನೂನು ಬರೆಯೋಕೆ ಏನ್ ಖರ್ಚು, ತಪ್ಪು ಮಾಡೋರನ್ನ ಹಿಡಿಯೋಕೇ ಖರ್ಚು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಲಿ, ಅಪಾಯಕಾರಿಯಾಗಿ ಗಾಡಿ ಓಡಿಸೋದರ ಬಗ್ಗೆ ಇರೋ 184ನೇ ಸೆಕ್ಷನ್‌ಗೆ ಕೈಲಿ ಮೊಬೈಲ್ ಹಿಡಿದು ಓಡಿಸೋದನ್ನೂ ಸೇರಿಸಿ ಮೊದಲ ಸಲಕ್ಕೆ 1000ದಿಂದ 5000 ರೂಪಾಯಿ ದಂಡ ಇಟ್ರು, ಸರಿ, ಆದ್ರೆ ತೊಡೆ ಮೇಲೆ ಫೋನ್ ಇಟ್ಕೊಂಡು ಟೈಪ್ ಮಾಡೋನು ಸಿಗ್ನಲ್‌ನಲ್ಲಿ ನಿಂತ ಪೊಲೀಸ್‌ಗೆ ಹೆಂಗೆ ಕಾಣ್ತಾನೆ? ಅದಕ್ಕೇ ಬೆಂಗಳೂರಲ್ಲಿ ಜಂಕ್ಷನ್‌ಗಳಿಗೆ ಕ್ಯಾಮೆರಾ ಬಂದಿದ್ದು, ಅದರ ಮೇಂಟೆನೆನ್ಸು, ನೋಟಿಸು, ಕೋರ್ಟು ಎಲ್ಲಾ ನಮ್ ಟ್ಯಾಕ್ಸೇ. ದಂಡದಲ್ಲೇ ವಾಪಸ್ ಬರುತ್ತೆ ಅನ್ಬೇಡಿ, 2023ರ ಫೆಬ್ರವರಿಲಿ ಬಾಕಿ ದಂಡ ವಸೂಲಿಗೆ 50% ಡಿಸ್ಕೌಂಟ್ ಕೊಡ್ಬೇಕಾಯ್ತು (ಆಷಾಢ ಸೇಲ್ ಥರ!). ಆದ್ರೂ ಒಂದು ಆಕ್ಸಿಡೆಂಟಿಗೆ ಆಂಬುಲೆನ್ಸು, ಸರ್ಕಾರಿ ಆಸ್ಪತ್ರೆ ಬೆಡ್ಡು, ಮಹಜರು, ಕೇಸು ಅಂತ ಲೆಕ್ಕ ಹಾಕಿದ್ರೆ ನಂಗೇನೋ ಕ್ಯಾಮೆರಾನೇ ಅಗ್ಗ ಅನ್ಸುತ್ತೆ.