ನಾಯಕನಿಗೆ 44, ಅವನ ತಾಯಿಗೆ 46

ಧಾರಾವಾಹಿಗಳ ಪಾತ್ರ ಆಯ್ಕೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಂಗಭೂಮಿಯಿಂದ ಬಂದ ನನಗೀಗ 46 ವರ್ಷ. ಧಾರಾವಾಹಿಯೊಂದರಲ್ಲಿ 44 ವರ್ಷದ ನಾಯಕನಿಗೆ ತಾಯಿಯಾಗಲು ಕರೆದಿದ್ದಾರೆ. ಪ್ರೇಕ್ಷಕರು ಬಯಸುವುದೇ ಇದನ್ನಂತೆ. ಒಪ್ಪಿಕೊಳ್ಳಲೇ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ. ತಪ್ಪನ್ನು ಪ್ರೇಕ್ಷಕರ ತಲೆಗೆ ಕಟ್ಟುವುದು ನಮ್ಮವರ ಹಳೆಯ ಚಾಳಿ. 2019ರಲ್ಲಿ ಆರಂಭವಾದ 'ಜೊತೆ ಜೊತೆಯಲಿ'ಯಲ್ಲಿ ನಲವತ್ತೈದರ ಉದ್ಯಮಿ ಇಪ್ಪತ್ತರ ಹುಡುಗಿಯನ್ನು ಪ್ರೀತಿಸಿದ್ದನ್ನು ಜನ ಮೆಚ್ಚಿ ನೋಡಿದ್ದು ನಿಜ. ಆದರೆ 2021ರ ಕೊನೆಯಲ್ಲಿ ಬಂದ 'ಪುಟ್ಟಕ್ಕನ ಮಕ್ಕಳು' ನಿಂತದ್ದು ಅರವತ್ತು ದಾಟಿದ ಉಮಾಶ್ರೀಯವರ ಮೇಲೆ. ಮರುವರ್ಷದ 'ಶ್ರೀರಸ್ತು ಶುಭಮಸ್ತು'ವಿನಲ್ಲಿ ಸುಧಾರಾಣಿಯವರು ಬೆಳೆದ ಮಗನಿದ್ದೂ ಮರುಮದುವೆಯಾಗುವ ತುಳಸಿಯಾದರು. ಇವನ್ನೂ ನೋಡಿದವರು ಅದೇ ಪ್ರೇಕ್ಷಕರು.

ತೊಡಕು ಇರುವುದು ಪಾತ್ರ ಪರಿಚಯದ ಹಾಳೆಯಲ್ಲಿ. ಐವತ್ತರ ಗಂಡಸಿನ ಮುಂದೆ ಉದ್ಯಮಿ, ವಕೀಲ, ಶಾಸಕ ಎಂದು ಅವನ ಕೆಲಸವನ್ನು ಬರೆದಿರುತ್ತಾರೆ. ಅದೇ ವಯಸ್ಸಿನ ಹೆಂಗಸಿನ ಮುಂದೆ ನಾಯಕನ ತಾಯಿ, ನಾಯಕಿಯ ಅತ್ತೆ ಎಂದು ಸಂಬಂಧವನ್ನಷ್ಟೇ ಬರೆದು ಮುಗಿಸುತ್ತಾರೆ. ಕೆಲಸವಿದ್ದವನಿಗೆ ಕಥೆ ಹುಟ್ಟುತ್ತದೆ, ಸಂಬಂಧವಷ್ಟೇ ಇದ್ದವಳು ಮನೆಯ ಹಾಲ್‌ನ ಮೂಲೆಯಲ್ಲಿ ನಿಂತು ಬೆರಗಿನ ಕ್ಲೋಸಪ್ ಕೊಡುತ್ತಾಳೆ. ಇದರ ಜೊತೆಗೆ, ಕಥೆ ಸೊರಗಿದಾಗ ಇಪ್ಪತ್ತು ವರ್ಷ ಮುಂದಕ್ಕೆ ಹಾರುವ 'ಲೀಪ್' ಬೇರೆ. ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' 2008ರಲ್ಲಿ ಮುಗಿಯುವಾಗ ನಾಯಕಿಯಾಗಿದ್ದ ಸ್ಮೃತಿ ಇರಾನಿಯವರಿಗೆ ಮೂವತ್ತೆರಡು. ಪಾತ್ರ ಅಷ್ಟರಲ್ಲಿ ಅಜ್ಜಿಯಾಗಿತ್ತು. ಹೀಗೆ ಎಳೆಯ ನಟಿಯ ಕೆನ್ನೆಗೂದಲಿಗೆ ಬಿಳಿ ಬಳಿದಾಗಲೆಲ್ಲ ನಿಜವಾಗಿ ಅರವತ್ತಾದ ನಟಿಯೊಬ್ಬರಿಗೆ ಬರಬೇಕಿದ್ದ ಕೆಲಸ ಕೈತಪ್ಪುತ್ತದೆ. ಈ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಆದ್ದರಿಂದ ನೀವು ಕೇಳಬೇಕಾದದ್ದು ಮಗನ ವಯಸ್ಸನ್ನಲ್ಲ. ಈ ತಾಯಿಗೆ ಅವಳದೇ ಟ್ರ್ಯಾಕ್, ಅಂದರೆ ಸ್ವಂತ ಕಥೆಯ ಎಳೆ ಇದೆಯೇ, ಮಗನಿಲ್ಲದ ದೃಶ್ಯದಲ್ಲಿ ಅವಳು ಏನಾದರೂ ಮಾಡುತ್ತಾಳೆಯೇ ಎಂದು ಕೇಳಿ. ಸಂಭಾವನೆ ದಿನದ ಲೆಕ್ಕದ್ದಾದರೆ, ತಿಂಗಳಿಗೆ ಕನಿಷ್ಠ ಎಷ್ಟು ದಿನ ಕರೆಯುತ್ತಾರೆಂಬುದನ್ನು ಬರಹದಲ್ಲಿ ಪಡೆಯದೆ ಬೇರೆ ಕೆಲಸ ಬಿಡಬೇಡಿ. ನನ್ನದು ಅತಿ ಎಚ್ಚರಿಕೆ ಎನ್ನಿಸಿದರೂ ಸರಿಯೇ. ಬಾಡಿಗೆ ಕಟ್ಟಬೇಕಾದವರು ಒಪ್ಪಿಕೊಂಡರೆ ನಾನು ತಪ್ಪೆನ್ನುವುದಿಲ್ಲ.

ಪ್ರಶ್ನೆ: ಸುಕ್ಕು ಮರೆಸುವ ಬೊಟಾಕ್ಸ್ ಚುಚ್ಚುಮದ್ದು ಮಾಡಿಸಿಕೊಂಡರೆ ಅವಕಾಶ ಹೆಚ್ಚುತ್ತದೆಯೇ?

ಉತ್ತರ: ಚುಚ್ಚುಮದ್ದಿನಿಂದ ಹಣೆ ಅಲುಗದೆ ಹುಬ್ಬು ಗಂಟಿಕ್ಕಲಾಗದ ಅತ್ತೆಯನ್ನು ಯಾವ ನಿರ್ದೇಶಕರೂ ಕೇಳಿಲ್ಲ, ಬ್ಯೂಟಿ ಪಾರ್ಲರಿನಲ್ಲಂತೂ ಸೂಜಿ ಚುಚ್ಚಿಸಿಕೊಳ್ಳಬೇಡಿ.

ಪ್ರಶ್ನೆ: ಐವತ್ತು ಸಾವಿರ ಮುಂಗಡ ಕೊಟ್ಟರೆ ಹಿರಿಯರ ಪಾತ್ರ ಖಚಿತವೆಂದು ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ನಟಿಸುವವರಿಗೆ ಹಣ ಕೊಡುವುದು ನಿರ್ಮಾಪಕರ ಕೆಲಸ. ನಟಿಸಲು ಹಣ ಕೇಳುವವನು ವಂಚಕ; ಕೊಟ್ಟಾಗಿದ್ದರೆ ರಸೀದಿ ಹುಡುಕುತ್ತ ಕೂರದೆ ಪೊಲೀಸರಿಗೆ ದೂರು ಕೊಡಿ.