ಹೈಡ್ರೋಜನ್ ತುಂಬಿದ್ರೆ ಟ್ಯಾಂಕ್ ಯಾಕೆ ಬಿಸಿ ಆಗುತ್ತೆ?

ಪ್ರಶ್ನೆ: ಹೈಡ್ರೋಜನ್ ಕಾರಿಗೆ ಗ್ಯಾಸ್ ತುಂಬೋ ಮುಂಚೆ ಅದನ್ನ ಮೈನಸ್ 40 ಡಿಗ್ರಿವರೆಗೂ ತಣ್ಣಗೆ ಮಾಡ್ತಾರಂತೆ, ಯಾಕೆ ಸಾರ್? ಹೈಡ್ರೋಜನ್ ಹೀರ್ಕೊಳ್ಳೋ ಲೋಹದ ಪುಡಿಯಲ್ಲಿ ಇಟ್ರೆ ಈ ರಗಳೆ ತಪ್ಪುತ್ತಾ?

ಉತ್ತರ: ತಪ್ಪೋದಿಲ್ಲ, ಇನ್ನೂ ಜಾಸ್ತಿ ಆಗುತ್ತೆ! ಕಾರಿನ ಟ್ಯಾಂಕಲ್ಲಿ ಪ್ರೆಶರ್ 700 ಬಾರ್ (ಅಂದ್ರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು), ಮೂರ್ನಾಲ್ಕು ನಿಮಿಷದಲ್ಲಿ ಅಷ್ಟು ಗ್ಯಾಸ್ ಒತ್ತಿ ತುಂಬಿದ್ರೆ ಸೈಕಲ್ ಪಂಪ್ ತರ ಬಿಸಿ ಏರುತ್ತೆ, ಆದ್ರೆ ಕಾರ್ಬನ್ ಫೈಬರ್ ಟ್ಯಾಂಕ್ 85 ಡಿಗ್ರಿ ದಾಟಬಾರದು, ಅದಕ್ಕೇ ಮೊದಲೇ ತಣ್ಣಗೆ ಮಾಡೋದು.

ಇನ್ನು ನೀವು ಕೇಳಿದ ಲೋಹದ ಪುಡಿ, ಉದಾಹರಣೆಗೆ ಲ್ಯಾಂಥನಮ್-ನಿಕಲ್ ಮಿಶ್ರಲೋಹದ ಪುಡಿ ವಿಷಯ. ಪ್ರೆಶರ್ ಕಮ್ಮಿ ಸಾಕು, ಅದು ನಿಜ. ಆದ್ರೆ ಒಂದು ಕೆಜಿ ಹೈಡ್ರೋಜನ್ ಹೀರ್ಕೊಳ್ವಾಗ ಸುಮಾರು 15 ಮೆಗಾಜೂಲ್ ಶಾಖ ಹೊರಗೆ ಬರುತ್ತೆ, ಪುಡಿಯಲ್ಲಿ ಶಾಖ ಸಲೀಸಾಗಿ ಹರಿಯೋದೂ ಇಲ್ಲ, ಬಿಸಿ ಆದಷ್ಟೂ ಹೀರೋದು ನಿಂತೇ ಹೋಗುತ್ತೆ. ಅದಕ್ಕೆ ರಿಸರ್ಚ್ ಮಾಡೋರು ಶಾಖ ಹೊರಗೆ ಸಾಗಿಸೋಕೆ ಒಳಗೆ ನೀರಿನ ಟ್ಯೂಬು, ಫಿನ್ನು (ತೆಳು ಲೋಹದ ಪಟ್ಟಿ), ಗ್ರಾಫೈಟು ಎಲ್ಲ ಹಾಕಿ ನೋಡ್ತಾರೆ, ನನ್ನ ಪ್ರಕಾರ ಅಸಲಿ ಎಂಜಿನಿಯರಿಂಗ್ ಇರೋದೇ ಇಲ್ಲಿ. ತೂಕಾನೂ ಒಂದು ತಲೆನೋವು, 5 ಕೆಜಿ ಹೈಡ್ರೋಜನ್‌ಗೆ ಪುಡಿನೇ 350 ಕೆಜಿ ಮೇಲೆ ಬೇಕು. ಕಾರಿಗೆ ಕಷ್ಟ. ಜರ್ಮನಿಯ 212 ಮಾದರಿ ಸಬ್‌ಮೆರಿನ್‌ಗಳಲ್ಲಿ ಲೋಹದಲ್ಲೇ ಹೈಡ್ರೋಜನ್ ಇಡ್ತಾರೆ, ಅಲ್ಲಿ ತೂಕ ಇದ್ರೂ ನಡೆಯುತ್ತೆ.